ಸೊನ್ನೆ ನಂಬರಿನ ಲಾಡ್ಜ್: ರಾಜಧಾನಿ ಜತೆ 64 ವರ್ಷ ಮುನಿಸಿಕೊಂಡಿದ್ದ ಪುಟ್ಟ ಊರಿನ ಕಥೆ

ಲಾಡ್ಜ್ ಅಂದ ತಕ್ಷಣ ನಮ್ಮ ಕಡೆ ನೆನಪಾಗೋದು ಬಸ್ ಸ್ಟ್ಯಾಂಡ್ ಎದುರಿನ ಬಾಡಿಗೆ ರೂಮು. ಆದ್ರೆ ಇವತ್ತು ಹೇಳ್ತಿರೋದು ಬೇರೆ ಲಾಡ್ಜ್ ಬಗ್ಗೆ. ಫ್ರೀಮೇಸನ್ ಅನ್ನೋ ಹಳೇ ಸಂಘದವರು ತಮ್ಮ ಊರಿನ ಘಟಕವನ್ನ ಲಾಡ್ಜ್ ಅಂತಲೇ ಕರೆಯುತ್ತಾರೆ. ಸ್ಕಾಟ್ಲೆಂಡ್ ದೇಶದಲ್ಲಿ ಇಂಥ ಲಾಡ್ಜ್‌ಗಳಿಗೆಲ್ಲ ಒಂದೊಂದು ನಂಬರ್ ಇದೆ. ವಿಚಿತ್ರ ಏನಂದ್ರೆ ಆ ಪಟ್ಟಿ ಒಂದರಿಂದ ಶುರುವಾಗಲ್ಲ, ಸೊನ್ನೆಯಿಂದ ಶುರುವಾಗುತ್ತೆ. ಆ ಸೊನ್ನೆ ಸಿಕ್ಕಿರೋದು ರಾಜಧಾನಿ ಎಡಿನ್‌ಬರ್ಗ್‌ಗೆ ಅಲ್ಲ, ಕಿಲ್‌ವಿನ್ನಿಂಗ್ ಅನ್ನೋ ಸಣ್ಣ ಊರಿಗೆ. ಯಾಕೆ? ಅದರ ಹಿಂದೆ ಒಂದು ದೊಡ್ಡ ಜಗಳವೇ ಇದೆ.

ಎಲ್ಲಿದೆ ಈ ಊರು?

ಕಿಲ್‌ವಿನ್ನಿಂಗ್ ಇರೋದು ಸ್ಕಾಟ್ಲೆಂಡ್‌ನ ಪಶ್ಚಿಮ ಭಾಗದ ಏರ್‌ಶೈರ್ ಸೀಮೆಯಲ್ಲಿ, ಗಾರ್ನಕ್ ಅನ್ನೋ ನದಿ ಪಕ್ಕದಲ್ಲಿ. ದೊಡ್ಡ ನಗರ ಗ್ಲಾಸ್ಗೋದಿಂದ ಸುಮಾರು 34 ಕಿ.ಮೀ. ದೂರ. ಜನಸಂಖ್ಯೆ ಈಗಲೂ 16 ಸಾವಿರದ ಆಸುಪಾಸು. ನಮ್ಮ ಲೆಕ್ಕದಲ್ಲಿ ಒಂದು ಹೋಬಳಿ ಕೇಂದ್ರ ಅನ್ನಬಹುದು.

12ನೇ ಶತಮಾನದಲ್ಲಿ ಇಲ್ಲಿ ಕ್ರೈಸ್ತ ಸನ್ಯಾಸಿಗಳ ಒಂದು ದೊಡ್ಡ ಮಠ ಕಟ್ಟಿದರು. 1560ರ ನಂತರದ ಧಾರ್ಮಿಕ ಗಲಾಟೆಯಲ್ಲಿ ಮಠ ಹಾಳಾಯ್ತು. ಇವತ್ತು ಉಳಿದಿರೋದು ಕೆಲವು ಗೋಡೆ, ಕಮಾನು ಅಷ್ಟೇ. ಆ ಮಠ ಕಟ್ಟೋಕೆ ಬಂದ ಕಲ್ಲು ಕೆಲಸದವರೇ ನಮ್ಮ ಲಾಡ್ಜ್ ಶುರು ಮಾಡಿದ್ದು ಅನ್ನೋದು ಊರಿನವರ ನಂಬಿಕೆ. ಇದಕ್ಕೆ ಆ ಕಾಲದ ಬರವಣಿಗೆಯ ಪುರಾವೆ ಇಲ್ಲ. ಮುಂದಿನ ಜಗಳಕ್ಕೆಲ್ಲ ಮೂಲ ಇದೇ.

ಮೊದಲು ಲಾಡ್ಜ್ ಅಂದ್ರೆ ಶೆಡ್ಡು

ಮೇಸನ್ ಅಂದ್ರೆ ಕಲ್ಲು ಕೆಲಸದವನು. ಚರ್ಚು, ಕೋಟೆ ಕಟ್ಟುವ ಜಾಗದಲ್ಲಿ ಕೆಲಸದವರು ಒಂದು ಶೆಡ್ಡು ಹಾಕಿಕೊಳ್ಳುತ್ತಿದ್ದರು. ಕಲ್ಲು ಕೆತ್ತೋದು, ಸಾಮಾನು ಇಡೋದು, ಊಟ, ವಿಶ್ರಾಂತಿ ಎಲ್ಲ ಅಲ್ಲೇ. ಅದಕ್ಕೆ ಲಾಡ್ಜ್ ಅನ್ನೋ ಹೆಸರು. ಕಾಲ ಕಳೆದಂತೆ ಆ ಊರಿನ ಮೇಸ್ತ್ರಿಗಳ ಸಂಘಕ್ಕೂ ಅದೇ ಹೆಸರು ನಿಂತಿತು. ಯಾರು ಕೆಲಸ ಕಲಿಯಬಹುದು, ಯಾರು ಮೇಸ್ತ್ರಿ ಆಗಬಹುದು ಅಂತ ತೀರ್ಮಾನ ಮಾಡ್ತಿದ್ದುದು ಈ ಸಂಘವೇ.

ಸ್ಕಾಟ್ಲೆಂಡ್ ರಾಜ ಆರನೇ ಜೇಮ್ಸ್ ಹತ್ತಿರ ವಿಲಿಯಂ ಶಾ ಅನ್ನೋ ಅಧಿಕಾರಿ ಇದ್ದ. ರಾಜನ ಕಟ್ಟಡ ಕೆಲಸಗಳಿಗೆಲ್ಲ ಅವನೇ ಮುಖ್ಯಸ್ಥ. 1598ರ ಡಿಸೆಂಬರ್ 28ರಂದು ಅವನು ಕಲ್ಲು ಕೆಲಸದವರಿಗೆಲ್ಲ ಅನ್ವಯಿಸುವ ನಿಯಮ ಹೊರಡಿಸಿದ. ಕೆಲಸ ಕಲಿಯೋಕೆ ಬಂದ ಹುಡುಗ ಕನಿಷ್ಠ 7 ವರ್ಷ ದುಡಿಯಬೇಕು. ಒಬ್ಬ ಮೇಸ್ತ್ರಿ ತನ್ನ ಜೀವಮಾನದಲ್ಲಿ ಮೂರಕ್ಕಿಂತ ಜಾಸ್ತಿ ಶಿಷ್ಯರನ್ನ ಸುಮ್ಮನೆ ತಗೊಳ್ಳೋ ಹಾಗಿಲ್ಲ.

ಇನ್ನೊಂದು ನಿಯಮ ಓದಿದ್ರೆ ಇವತ್ತಿನ ಕಂಟ್ರಾಕ್ಟರ್‌ಗಳೂ ಬೆಚ್ಚಿ ಬೀಳ್ತಾರೆ. ಸಾರುವೆಯನ್ನ ಭದ್ರವಾಗಿ ಕಟ್ಟಬೇಕು. ಮೇಸ್ತ್ರಿಯ ನಿರ್ಲಕ್ಷ್ಯದಿಂದ ಕೆಲಸದವನಿಗೆ ಪೆಟ್ಟಾದರೆ ಆ ಮೇಸ್ತ್ರಿ ಮತ್ತೆಂದೂ ಸ್ವಂತವಾಗಿ ಕೆಲಸ ವಹಿಸಿಕೊಳ್ಳುವಂತಿಲ್ಲ, ಬದುಕಿರೋವರೆಗೂ ಇನ್ನೊಬ್ಬನ ಕೈಕೆಳಗೇ ದುಡಿಯಬೇಕು!

1599ರ ಕಾಗದದಲ್ಲಿ ಏನಿದೆ?

ಸರಿಯಾಗಿ ಒಂದು ವರ್ಷಕ್ಕೆ, 1599ರ ಡಿಸೆಂಬರ್ 28ರಂದು ಶಾ ಎರಡನೇ ನಿಯಮಾವಳಿ ಹೊರಡಿಸಿದ. ಇದರಲ್ಲಿ ಕಿಲ್‌ವಿನ್ನಿಂಗ್ ಹೆಸರು ನೇರವಾಗಿ ಬರುತ್ತೆ. ಗ್ಲಾಸ್ಗೋ, ಏರ್ ಕಡೆಯ ಮೇಸನ್‌ಗಳ ಮೇಲೆ ಕಿಲ್‌ವಿನ್ನಿಂಗ್‌ಗೆ ಅಧಿಕಾರ ಕೊಟ್ಟಿದ್ದಾನೆ. ಪ್ರತಿ ವರ್ಷ ಡಿಸೆಂಬರ್ 20ಕ್ಕೆ ಪದಾಧಿಕಾರಿಯ ಆಯ್ಕೆ ಆಗಬೇಕು. ಮೇಸನ್‌ಗಳು, ಶಿಷ್ಯರು ಕಲಿತದ್ದನ್ನ ನೆನಪಿಟ್ಟುಕೊಂಡಿದ್ದಾರಾ ಅಂತ ಪರೀಕ್ಷೆ ಮಾಡಬೇಕು, ಮರೆತವರಿಗೆ ದಂಡ.

ಆದರೆ ಇದೇ ಕಾಗದದಲ್ಲಿ ಎಡಿನ್‌ಬರ್ಗ್ ಮೊದಲನೇ ಲಾಡ್ಜ್, ಕಿಲ್‌ವಿನ್ನಿಂಗ್ ಎರಡನೇದು, ಸ್ಟರ್ಲಿಂಗ್ ಮೂರನೇದು ಅಂತ ಬರೆದಿದೆ. ಅಂದ್ರೆ ಊರಿನ ಹಳೇತನಕ್ಕೆ ಸಾಕ್ಷಿ ಹೇಳೋ ಕಾಗದವೇ ಊರಿಗೆ ಎರಡನೇ ಸ್ಥಾನ ಕೊಟ್ಟಿತ್ತು. ಈ ಕಾಗದ ಎಗ್ಲಿಂಟನ್ ಅನ್ನೋ ಜಮೀನ್ದಾರ ಮನೆತನದ ಕೋಟೆಯಲ್ಲಿ ಉಳಿದುಕೊಂಡು, 19ನೇ ಶತಮಾನದಲ್ಲಿ ಬೆಳಕಿಗೆ ಬಂತು. ಅಷ್ಟೊತ್ತಿಗೆ ಜಗಳ ಆಗಿ ಮುಗಿದೂ ಹೋಗಿತ್ತು.

ಗಾರೆ ಮುಟ್ಟದವರೂ ಒಳಗೆ ಬಂದರು

17ನೇ ಶತಮಾನದಲ್ಲಿ ಲಾಡ್ಜ್ ಸ್ವರೂಪವೇ ಬದಲಾಯ್ತು. ಉಳಿ, ಸುತ್ತಿಗೆ ಹಿಡಿಯದ ಜಮೀನ್ದಾರರು, ದೊಡ್ಡ ಮನುಷ್ಯರು ಸದಸ್ಯರಾಗೋಕೆ ಶುರು ಮಾಡಿದರು. ಕಿಲ್‌ವಿನ್ನಿಂಗ್ ಲಾಡ್ಜ್ 1672ರಲ್ಲಿ ಕ್ಯಾಸಿಲಿಸ್‌ನ ಅರ್ಲ್ ಅನ್ನೋ ದೊಡ್ಡ ಸಾಹುಕಾರನನ್ನೇ ಮುಖ್ಯಸ್ಥನಾಗಿ ಆರಿಸಿತು. ಕೂಲಿ ಸಂಘ ನಿಧಾನಕ್ಕೆ ಸಮಾಜದ ಗಣ್ಯರು ಕೂಡುವ ಜಾಗ ಆಯ್ತು.

1677ರಲ್ಲಿ ಕಿಲ್‌ವಿನ್ನಿಂಗ್ ಇನ್ನೊಂದು ಹೆಜ್ಜೆ ಇಟ್ಟಿತು. ಎಡಿನ್‌ಬರ್ಗ್ ಪಕ್ಕದ ಕ್ಯಾನನ್‌ಗೇಟ್ ಅನ್ನೋ ಜಾಗದ ಮೇಸನ್‌ಗಳಿಗೆ, ನಮ್ಮ ಹೆಸರಲ್ಲಿ ನೀವು ಸದಸ್ಯರನ್ನ ಸೇರಿಸಿಕೊಳ್ಳಬಹುದು ಅಂತ ಅನುಮತಿ ಕೊಟ್ಟಿತು. ಸಣ್ಣ ಊರಿನವರು ಹೋಗಿ ರಾಜಧಾನಿ ಬಾಗಿಲಲ್ಲೇ ಶಾಖೆ ತೆರೆದ ಹಾಗೆ!

ಬುಕ್ ತೋರಿಸಿ ಅಂದಾಗ...

1736ರ ನವೆಂಬರ್ 30ರಂದು 33 ಲಾಡ್ಜ್‌ಗಳ ಪ್ರತಿನಿಧಿಗಳು ಎಡಿನ್‌ಬರ್ಗ್‌ನಲ್ಲಿ ಸೇರಿ ಗ್ರ್ಯಾಂಡ್ ಲಾಡ್ಜ್ ಆಫ್ ಸ್ಕಾಟ್ಲೆಂಡ್ ಸ್ಥಾಪಿಸಿದರು. ಇಡೀ ದೇಶಕ್ಕೆ ಒಂದು ಮಾತೃಸಂಸ್ಥೆ. ರೋಸ್ಲಿನ್‌ನ ವಿಲಿಯಂ ಸಿಂಕ್ಲೇರ್ ಮೊದಲ ಗ್ರ್ಯಾಂಡ್ ಮಾಸ್ಟರ್ ಆದ. ಕಿಲ್‌ವಿನ್ನಿಂಗ್ ಕೂಡ ಮೊದಲಿಗೆ ಇದರ ಜತೆ ಸೇರಿಕೊಂಡಿತು.

ಆಮೇಲೆ ಪ್ರಶ್ನೆ ಎದ್ದಿತು: ಯಾರು ಹಿರಿಯರು? ಬಾಯಿಮಾತು ಬೇಡ, ದಾಖಲೆ ತೋರಿಸಿ, ಅದರ ಪ್ರಕಾರ ಸ್ಥಾನ ಕೊಡ್ತೀವಿ ಅಂತ ತೀರ್ಮಾನ ಆಯ್ತು. ಎಡಿನ್‌ಬರ್ಗ್‌ನ ಮೇರೀಸ್ ಚಾಪೆಲ್ ಲಾಡ್ಜ್ ತನ್ನ ಮಿನಿಟ್ಸ್ ಬುಕ್ ಮುಂದಿಟ್ಟಿತು. ಅದರ ಮೊದಲ ಬರಹ 1599ರ ಜುಲೈ 31ರದ್ದು. ಅದೇನು ದೊಡ್ಡ ಘಟನೆಯಲ್ಲ. ಜಾರ್ಜ್ ಪ್ಯಾಟನ್ ಅನ್ನೋ ಮೇಸನ್, ಸರಿಯಾಗಿ ಕೆಲಸ ಕಲಿಯದ ಒಬ್ಬನನ್ನ ಚಿಮಣಿ ಕಟ್ಟೋಕೆ ಹಚ್ಚಿದ್ದ. ಅದು ತಪ್ಪಾಯ್ತು ಅಂತ ಒಪ್ಪಿಕೊಂಡ. ಅಷ್ಟೇ!

ಕಿಲ್‌ವಿನ್ನಿಂಗ್ ಹತ್ತಿರ ಇದ್ದ ಹಳೇ ಬುಕ್ ಶುರುವಾಗೋದು 1642ರ ಡಿಸೆಂಬರ್ 20ರಿಂದ. ಶಾ ಆಯ್ಕೆಗೆ ನಿಗದಿ ಮಾಡಿದ್ದ ಅದೇ ತಾರೀಖು. ಸಂಪ್ರದಾಯ ತಪ್ಪದೆ ನಡೆದುಕೊಂಡು ಬಂದಿತ್ತು ಅನ್ನೋದಕ್ಕೆ ಅದೇ ಸಾಕ್ಷಿ. ಆದರೆ ಅದಕ್ಕಿಂತ ಹಿಂದಿನ ಬುಕ್ ಕೈಯಲ್ಲಿ ಇರಲಿಲ್ಲ. 43 ವರ್ಷದ ಕೊರತೆ. ಒಂದು ಚಿಮಣಿ ತಕರಾರಿನ ಮುಂದೆ, ಮಠದ ಕಾಲದಿಂದ ಬಂದವರು ಅನ್ನೋ ಹೆಮ್ಮೆ ಸೋತಿತು. ಮೇರೀಸ್ ಚಾಪೆಲ್ ಒಂದನೇ ಸ್ಥಾನಕ್ಕೆ ಹೋಯ್ತು, ಕಿಲ್‌ವಿನ್ನಿಂಗ್ ಎರಡಕ್ಕೆ ಇಳೀತು.

ಮುನಿಸು, ರಾಜಿ

ಊರಿನವರು ಇದನ್ನ ಒಪ್ಪಲಿಲ್ಲ. 1743ರಲ್ಲಿ ಗ್ರ್ಯಾಂಡ್ ಲಾಡ್ಜ್ ಸಹವಾಸವೇ ಬೇಡ ಅಂತ ಹೊರಗೆ ಬಂದರು. ಸುಮ್ಮನೆ ಕೂರಲಿಲ್ಲ. ತಾವೇ ಒಂದು ಮಾತೃಸಂಸ್ಥೆ ಥರ ಬೇರೆ ಊರುಗಳಿಗೆ ಲಾಡ್ಜ್ ತೆರೆಯೋ ಅನುಮತಿ ಪತ್ರ ಕೊಡುತ್ತಾ ಹೋದರು. 1758ರಲ್ಲಿ ಅಮೆರಿಕದ ವರ್ಜೀನಿಯಾವರೆಗೂ ಅವರ ಪತ್ರ ಹೋಯ್ತು. ಇವತ್ತಿಗೂ ಎಷ್ಟೋ ಲಾಡ್ಜ್‌ಗಳ ಹೆಸರಿನ ಕೊನೆಗೆ ಕಿಲ್‌ವಿನ್ನಿಂಗ್ ಅಂತ ಇರುತ್ತೆ. ಸ್ಕಾಟ್ಲೆಂಡ್‌ನ ಹೆಸರಾಂತ ಕವಿ ರಾಬರ್ಟ್ ಬರ್ನ್ಸ್ 1781ರ ಜುಲೈ 4ರಂದು ಫ್ರೀಮೇಸನ್ ಆಗಿದ್ದು ಇದೇ ಏರ್‌ಶೈರ್‌ನ ಟಾರ್ಬೋಲ್ಟನ್ ಅನ್ನೋ ಹಳ್ಳಿಯಲ್ಲಿ. ಆಗ ರೈತನ ಮಗನಾದ ಆತನಿಗೆ 22 ವರ್ಷ. ಮೂರು ವರ್ಷಕ್ಕೆ ಆತ ಪದಾಧಿಕಾರಿಯಾದ ಲಾಡ್ಜ್ ಹೆಸರು ಸೇಂಟ್ ಜೇಮ್ಸ್ ಟಾರ್ಬೋಲ್ಟನ್ ಕಿಲ್‌ವಿನ್ನಿಂಗ್.

ಕೊನೆಗೆ 1807ರಲ್ಲಿ ರಾಜಿ ಆಯ್ತು. ಇನ್ನು ಮೇಲೆ ಅನುಮತಿ ಪತ್ರ ಕೊಡಲ್ಲ ಅಂತ ಕಿಲ್‌ವಿನ್ನಿಂಗ್ ಒಪ್ಪಿತು. ಬದಲಿಗೆ ಗ್ರ್ಯಾಂಡ್ ಲಾಡ್ಜ್, ಮದರ್ ಕಿಲ್‌ವಿನ್ನಿಂಗ್ ಅನ್ನೋ ಹೆಸರಲ್ಲಿ ಪಟ್ಟಿಯ ತಲೆಯಲ್ಲಿ ಜಾಗ ಕೊಟ್ಟಿತು. ಲಾಡ್ಜ್ ಮುಖ್ಯಸ್ಥನಿಗೆ ಏರ್‌ಶೈರ್ ಭಾಗದ ಮುಖ್ಯಸ್ಥನ ಪಟ್ಟವೂ ಸಿಕ್ಕಿತು. ಮೇರೀಸ್ ಚಾಪೆಲ್‌ನ ಒಂದನೇ ನಂಬರ್ ಕಿತ್ತುಕೊಳ್ಳಲಿಲ್ಲ, ಅದು ಇವತ್ತಿಗೂ ಅವರದ್ದೇ. ಅದಕ್ಕೂ ಮೇಲೆ ಜಾಗ ಬೇಕಲ್ಲ, ಹಾಗಾಗಿ ಮುಂದೆ ಸೊನ್ನೆ ಬಂತು. ಎರಡನೇ ನಂಬರ್ ಈಗ ಯಾರ ಹತ್ತಿರ ಇದೆ ಗೊತ್ತಾ? ಕ್ಯಾನನ್‌ಗೇಟ್ ಕಿಲ್‌ವಿನ್ನಿಂಗ್. ಅಮ್ಮನಿಗೆ ಬೇಡವಾದ ನಂಬರ್ ಮಗಳ ಪಾಲಿಗೆ!

ನಮಗೇನು ಪಾಠ?

ಭಾರತದಲ್ಲೂ ಬ್ರಿಟಿಷರ ಕಾಲದಿಂದ ಇಂಥ ಲಾಡ್ಜ್‌ಗಳಿವೆ. ಇಲ್ಲಿಯ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಶುರುವಾಗಿದ್ದು 1961ರಲ್ಲಿ. ಆದರೆ ಈ ಕಥೆ ಫ್ರೀಮೇಸನ್‌ಗಳಿಗೆ ಮಾತ್ರ ಅಲ್ಲ. ನಮ್ಮಲ್ಲೂ ಯಾವ ಊರಿಗೆ ಹೋದರೂ ನಮ್ಮ ಗುಡಿನೇ ಹಳೇದು, ನಮ್ಮ ಜಾತ್ರೆನೇ ಮೊದಲು ಅಂತಾರೆ. ಸುಳ್ಳು ಅಂತಲ್ಲ. ಆದ್ರೆ ಕಾಗದ ಎಲ್ಲಿ ಅಂದ್ರೆ ಗೆದ್ದಲು ತಿಂತು ಅನ್ನೋ ಉತ್ತರ ಬರುತ್ತೆ. ಕಿಲ್‌ವಿನ್ನಿಂಗ್‌ನವರಿಗೆ ಒಂದು ಹಳೇ ಬುಕ್ ಇಲ್ಲದ್ದಕ್ಕೆ 64 ವರ್ಷ ಹೊರಗಿರಬೇಕಾಯ್ತು.

ನಿಮ್ಮೂರಿನ ಯುವಕ ಸಂಘ, ಹಾಲಿನ ಡೇರಿ, ಭಜನಾ ಮಂಡಳಿಯ ಹಳೇ ಮಿನಿಟ್ಸ್ ಬುಕ್ ಯಾರ ಮನೆ ಅಟ್ಟದ ಮೇಲಿದೆಯೋ ಒಮ್ಮೆ ವಿಚಾರಿಸಿ. ಇದ್ದರೆ ಇವತ್ತೇ ಮೊಬೈಲ್‌ನಲ್ಲಿ ಪುಟಪುಟವೂ ಫೋಟೊ ತೆಗೆದಿಡಿ. ಅದರಲ್ಲಿ ಬರೀ ಚಿಮಣಿ ತಕರಾರೇ ಇದ್ದರೂ ಪರವಾಗಿಲ್ಲ.