ಕುಕೀ ಎಂಬ ಚೀಟಿಯ ಕಥೆ

ಹೊಸ ವೆಬ್‌ಸೈಟ್ ತೆರೆದ ಕೂಡಲೇ 'ಕುಕೀಗಳಿಗೆ ಒಪ್ಪಿಗೆ ಕೊಡಿ' ಎಂಬ ಪೆಟ್ಟಿಗೆ ಅಡ್ಡ ಬರುತ್ತದೆ. ಓದುವ ಆತುರದಲ್ಲಿ ನಾವೆಲ್ಲ ಒಪ್ಪಿಗೆ ಒತ್ತಿ ಮುಂದೆ ಹೋಗುತ್ತೇವೆ. ಕುಕೀ ಎಂದರೆ ವೆಬ್‌ಸೈಟು ನಮ್ಮ ಫೋನಿನಲ್ಲಿ ಇಟ್ಟು ಹೋಗುವ ಸಣ್ಣ ಗುರುತಿನ ಚೀಟಿ. ಇದು ಶುರುವಾದದ್ದು ಯಾರ ಮೇಲೂ ಕಣ್ಣಿಡಲು ಅಲ್ಲ.

1994ರ ಮಾತು. ಆಗ ವೆಬ್‌ಸೈಟುಗಳಿಗೆ ನೆನಪು ಎಂಬುದೇ ಇರಲಿಲ್ಲ. ಬೇಳೆ ಕಟ್ಟಿಸಿ ಸಕ್ಕರೆ ಕೇಳುವಷ್ಟರಲ್ಲಿ ಅಂಗಡಿಯವರು ಬೇಳೆಯನ್ನೂ ನಮ್ಮನ್ನೂ ಮರೆತರೆ ವ್ಯಾಪಾರ ನಡೆಯುವುದು ಹೇಗೆ? ಅಮೆರಿಕದ ನೆಟ್‌ಸ್ಕೇಪ್ ಕಂಪನಿಯ ಯುವ ಇಂಜಿನಿಯರ್ ಲೂ ಮಾಂಟುಲಿ ಇದಕ್ಕೆ ಒಂದು ದಾರಿ ಹುಡುಕಿದರು. ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ ಇದೆಯಲ್ಲ, ಹಾಗೆ. ಟೋಕನ್ನಿನಲ್ಲಿ ನಂಬರ್ ಇರುತ್ತದೆ, ಹೆಸರು ಇರುವುದಿಲ್ಲ. ಕೊಟ್ಟವರು ಮಾತ್ರ ಅದನ್ನು ಓದಬಹುದು. ಪ್ರತಿ ಬ್ರೌಸರಿಗೂ ಒಂದೇ ಕಾಯಂ ನಂಬರ್ ಕೊಟ್ಟರೆ ಎಲ್ಲ ಸೈಟುಗಳೂ ಜನರನ್ನು ಹಿಂಬಾಲಿಸಬಹುದು ಎಂದು ಮಾಂಟುಲಿ ಆ ದಾರಿಯನ್ನು ಬೇಕೆಂದೇ ಬಿಟ್ಟರು.

ಆದರೂ ಒಂದು ಸಂದಿ ಉಳಿಯಿತು. ಸುದ್ದಿ ಪುಟದ ಬರಹ ಸುದ್ದಿಯವರ ಕಂಪ್ಯೂಟರಿನಿಂದ ಬರುತ್ತದೆ, ಅದರ ಪಕ್ಕದ ಜಾಹೀರಾತು ಬೇರೊಂದು ಕಂಪನಿಯಿಂದ ಬರುತ್ತದೆ. ಆ ಜಾಹೀರಾತಿನ ಕಂಪನಿಯೂ ತನ್ನ ಚೀಟಿ ಇಡಬಹುದು! ಜಾತ್ರೆಯ ಎಲ್ಲ ಅಂಗಡಿಗಳಲ್ಲೂ ಒಬ್ಬನೇ ಗುತ್ತಿಗೆದಾರನ ಆಳು ನಿಂತು, ನೀವು ಎಲ್ಲೆಲ್ಲಿ ಏನೇನು ನೋಡಿದಿರಿ ಎಂದು ಬರೆದುಕೊಂಡಂತೆ. ಡಬಲ್‌ಕ್ಲಿಕ್ ಎಂಬ ಜಾಹೀರಾತು ಕಂಪನಿ ಇದರ ಮೇಲೆಯೇ ಬೆಳೆಯಿತು. ಇದನ್ನು 'ಥರ್ಡ್ ಪಾರ್ಟಿ ಕುಕೀ' ಅಂದರೆ ಮೂರನೆಯವರ ಕುಕೀ ಎನ್ನುತ್ತಾರೆ.

1996ರ ಫೆಬ್ರುವರಿಯಲ್ಲಿ ಲಂಡನ್ನಿನ 'ಫೈನಾನ್ಷಿಯಲ್ ಟೈಮ್ಸ್' ಪತ್ರಿಕೆ ಕುಕೀಗಳ ಬಗ್ಗೆ ಬರೆದ ಮೇಲೆ ವಿಷಯ ಜನರಿಗೆ ತಿಳಿಯಿತು. ಮರುವರ್ಷ ಇಂಟರ್ನೆಟ್ಟಿನ ತಾಂತ್ರಿಕ ನಿಯಮಗಳನ್ನು ಬರೆಯುವ ಇಂಜಿನಿಯರುಗಳು, ಮೂರನೆಯವರ ಕುಕೀ ಮೊದಲಿಂದಲೇ ಆಫ್ ಆಗಿರಬೇಕು, ಬೇಕಾದವರು ಆನ್ ಮಾಡಿಕೊಳ್ಳಲಿ ಎಂದು ಬರೆದರು. ಬರೆದ ಇಬ್ಬರಲ್ಲಿ ಮಾಂಟುಲಿಯೂ ಒಬ್ಬರು. ಆದರೆ ದೊಡ್ಡ ಬ್ರೌಸರ್ ಕಂಪನಿಗಳು ಅದನ್ನು ಆನ್ ಆಗಿಯೇ ಬಿಟ್ಟವು. ಸೆಟ್ಟಿಂಗ್ ತೆರೆದು ನೋಡುವವರು ಎಷ್ಟು ಮಂದಿ? ಮುಂದಿನ ಇತಿಹಾಸವನ್ನು ಈ ಆನ್–ಆಫ್ ಗುಂಡಿಯೇ ಬರೆಯಿತು ಎಂಬುದು ನಮ್ಮ ಅಭಿಪ್ರಾಯ.

1999ರಲ್ಲಿ ಡಬಲ್‌ಕ್ಲಿಕ್, ಅಂಚೆ ಮೂಲಕ ಸಾಮಾನು ತರಿಸುವವರ ಹೆಸರು–ವಿಳಾಸ ಇಟ್ಟುಕೊಂಡಿದ್ದ ಅಬಾಕಸ್ ಕಂಪನಿಯನ್ನು ಕೊಂಡಿತು. ಹೆಸರಿಲ್ಲದ ಟೋಕನ್ನಿಗೆ ಹೆಸರು ಸೇರಿಸುವ ಯೋಜನೆ ಅದು. ಜನ ಸಿಟ್ಟಾದರು, ಸರ್ಕಾರಿ ತನಿಖೆ ನಡೆಯಿತು, 2000ದ ಮಾರ್ಚ್‌ನಲ್ಲಿ ಕಂಪನಿ ಹಿಂದೆ ಸರಿಯಿತು. 2008ರಲ್ಲಿ ಡಬಲ್‌ಕ್ಲಿಕ್ ಗೂಗಲ್‌ನ ಕೈಸೇರಿತು.

ಮೊದಲು ಕೇಳಿ, ಆಮೇಲೆ ಚೀಟಿ ಇಡಿ ಎಂದು ಯುರೋಪು 2009ರಲ್ಲಿ ಕಾನೂನು ತಿದ್ದಿತು, 2018ರಲ್ಲಿ ಬಿಗಿ ಮಾಡಿತು. ನಮಗೆ ಅಡ್ಡ ಬರುವ ಪೆಟ್ಟಿಗೆ ಹುಟ್ಟಿದ್ದು ಹೀಗೆ. ಭಾರತದಲ್ಲಿ ಖಾಸಗಿತನದ ಪ್ರಶ್ನೆ ಬೇರೆ ದಾರಿಯಲ್ಲಿ ಬಂತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರ ವಯಸ್ಸು 80 ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದರು. 2023ರಲ್ಲಿ ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆಯೂ ಬಂತು.

ಆಪಲ್‌ನ ಸಫಾರಿ ಬ್ರೌಸರ್ 2020ರಿಂದ ಮೂರನೆಯವರ ಕುಕೀಗಳನ್ನು ತಾನೇ ತಡೆಯುತ್ತಿದೆ. ಕ್ರೋಮ್‌ನಿಂದ ಅವನ್ನು ತೆಗೆಯುತ್ತೇವೆ ಎಂದು ಅದೇ ವರ್ಷ ಹೇಳಿದ್ದ ಗೂಗಲ್, 2024ರಲ್ಲಿ ಆ ಮಾತು ಕೈಬಿಟ್ಟಿತು. ಹಾಗಾಗಿ ಕ್ರೋಮ್ ಬಳಸುವವರು ತಾವೇ ಸೆಟ್ಟಿಂಗ್ಸ್‌ಗೆ ಹೋಗಿ 'ಥರ್ಡ್ ಪಾರ್ಟಿ ಕುಕೀಸ್' ಬ್ಲಾಕ್ ಮಾಡಬೇಕು. ಪೆಟ್ಟಿಗೆ ಬಂದಾಗ 'ಬೇಡ' ಎಂಬ ಗುಂಡಿಯನ್ನೂ ಹುಡುಕಿ. 1997ರಲ್ಲಿ ಕಂಪನಿಗಳು ಒತ್ತದ ಗುಂಡಿ ಈಗ ನಮ್ಮ ಕೈಯಲ್ಲಿದೆ.