ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು: ಪುಣೆಯಲ್ಲಿ ನಡೆದ ಒಂದು ಜಾತಕ ಪರೀಕ್ಷೆ

ಪುಣೆಯ ಕನ್ನಡ ಮನೆಗಳಲ್ಲಿ ಎರಡು ಪಂಚಾಂಗಗಳು ಇರುವುದು ವಿಶೇಷವೇನಲ್ಲ. ಅಡುಗೆಮನೆಯ ಗೋಡೆಗೆ ಕಾಲನಿರ್ಣಯ, ದೇವರ ಮನೆಯ ಗೂಡಿನಲ್ಲಿ ಊರಿನಿಂದ ತಂದ ಒಂಟಿಕೊಪ್ಪಲ್ ಪಂಚಾಂಗ. ಏಕಾದಶಿ ಎಂದು, ಸಂಕಷ್ಟಿಗೆ ಚಂದ್ರೋದಯ ಎಷ್ಟು ಹೊತ್ತಿಗೆ, ಹಬ್ಬ ಯಾವ ದಿನ ಎಂದು ನೋಡುವಾಗ ಇವೆರಡರ ನಡುವೆ ದೊಡ್ಡ ಜಗಳವೇನೂ ಬರುವುದಿಲ್ಲ. ಮನೆಯಲ್ಲಿ ಮದುವೆಯ ಮಾತು ಎದ್ದಾಗ ಮಾತ್ರ ಪಂಚಾಂಗದ ತೂಕವೇ ಬೇರೆಯಾಗುತ್ತದೆ. ಆಗ ಅದು ತಿಥಿ ಹೇಳುವ ಪುಸ್ತಕವಾಗಿ ಉಳಿಯದೆ ಒಬ್ಬ ಹುಡುಗಿಯ ಬಗ್ಗೆ ತೀರ್ಪು ಕೊಡುವ ಪುಸ್ತಕವಾಗಿಬಿಡುತ್ತದೆ.

ಮೂಲಾ ನಕ್ಷತ್ರದವಳು ಮಾವನಿಗೆ ಆಗದು, ಆಶ್ಲೇಷಾ ಅತ್ತೆಗೆ ಆಗದು, ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ. ಈ ಮಾತುಗಳನ್ನು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಸ್ವಲ್ಪ ಲೆಕ್ಕ ಹಾಕೋಣ. ಇರುವುದು 27 ನಕ್ಷತ್ರಗಳು. ಅದರಲ್ಲಿ ನಾಲ್ಕು ಎಂದರೆ ಹೆಚ್ಚುಕಡಿಮೆ ಏಳು ಹುಡುಗಿಯರಲ್ಲಿ ಒಬ್ಬಳು. ದೋಷ ಯಾವುದೋ ಒಂದು ಪಾದಕ್ಕೆ ಮಾತ್ರ ಎಂದು ತಿಳಿದವರು ಹೇಳುವುದುಂಟು, ಆದರೆ ಗಂಡಿನ ಮನೆಯವರು ಫೋನಿನಲ್ಲಿ ‘ನಕ್ಷತ್ರ ಯಾವುದು’ ಎಂದು ಕೇಳಿದಾಗ ಪಾದದ ತನಕ ಮಾತು ಮುಂದುವರಿಯುವುದೇ ಅಪರೂಪ. ಇನ್ನು ಕುಜದೋಷ. ಲಗ್ನದಿಂದ ಹನ್ನೆರಡು ಮನೆಗಳಲ್ಲಿ ಐದರಲ್ಲಿ ಕುಜನಿದ್ದರೆ ದೋಷ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ, ಕೆಲವರು ಆರು ಮನೆ ಎನ್ನುತ್ತಾರೆ. ಹನ್ನೆರಡರಲ್ಲಿ ಐದು ಎಂದರೆ ನೂರಕ್ಕೆ ನಲವತ್ತು ಮಂದಿ! ಇಷ್ಟು ಜನರಿಗೆ ಇರುವುದನ್ನು ‘ದೋಷ’ ಎನ್ನಬೇಕೋ ‘ಸಾಮಾನ್ಯ’ ಎನ್ನಬೇಕೋ ನೀವೇ ಹೇಳಿ. ಇನ್ನೊಂದು ಮಾತು. ಗಂಡಿನ ನಕ್ಷತ್ರ ಹೆಂಡತಿಯ ತಂದೆಗೆ ಆಗದು ಎಂಬ ಗಾದೆ ನಮ್ಮ ಕಿವಿಗೆ ಅಷ್ಟಾಗಿ ಬಿದ್ದಿಲ್ಲ.

ಹಾಗಾದರೆ ಜಾತಕ ನಿಜವಾಗಿ ಏನಾದರೂ ಹೇಳುತ್ತದೆಯೇ? ಈ ಪ್ರಶ್ನೆಗೆ ವಾದದಿಂದ ಉತ್ತರ ಹುಡುಕಿದವರು ಬಹಳ. ಪರೀಕ್ಷೆಯಿಂದ ಹುಡುಕಿದವರು ಕಡಿಮೆ. ಅಂಥ ಪರೀಕ್ಷೆಯೊಂದು ನಡೆದದ್ದು ನಾವು ಬಾಳುತ್ತಿರುವ ಈ ಪುಣೆಯಲ್ಲೇ, 2008ರಲ್ಲಿ.

ಅದಕ್ಕೊಂದು ಹಿನ್ನೆಲೆ ಇದೆ. 2001ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ವಿಶ್ವವಿದ್ಯಾಲಯಗಳಲ್ಲಿ ‘ಜ್ಯೋತಿರ್ವಿಜ್ಞಾನ’ದ ವಿಭಾಗಗಳನ್ನು ತೆರೆಯಲು ಮುಂದಾಯಿತು. ದೇಶದ ಅನೇಕ ವಿಜ್ಞಾನಿಗಳು ವಿರೋಧಿಸಿದರು. ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. 2004ರಲ್ಲಿ ನ್ಯಾಯಾಲಯ ಆಯೋಗದ ನಿರ್ಧಾರದಲ್ಲಿ ಕೈಹಾಕಲು ಒಪ್ಪಲಿಲ್ಲ. ವಿರೋಧಿಸಿದ ವಿಜ್ಞಾನಿಗಳಲ್ಲಿ ಪುಣೆಯ ಜಯಂತ ನಾರಳೀಕರರೂ ಒಬ್ಬರು. ಕೊಲ್ಹಾಪುರದಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಫ್ರೆಡ್ ಹಾಯ್ಲ್ ಅವರ ಶಿಷ್ಯರಾಗಿ ಹೆಸರು ಮಾಡಿ, 1988ರಲ್ಲಿ ಪುಣೆಯ ವಿಶ್ವವಿದ್ಯಾಲಯದ ಆವರಣದಲ್ಲಿ ‘ಅಯುಕಾ’ ಸಂಸ್ಥೆಯನ್ನು ಕಟ್ಟಿದ ಖಗೋಳ ವಿಜ್ಞಾನಿ ಅವರು. ‘ಜ್ಯೋತಿಷ್ಯ ವಿಜ್ಞಾನವಲ್ಲ’ ಎಂದು ಭಾಷಣ ಮಾಡಿ ಸುಮ್ಮನಿರುವುದು ಅವರಿಗೆ ಸಾಕೆನಿಸಲಿಲ್ಲ. ವಿಜ್ಞಾನಿ ಎಂದ ಮೇಲೆ ಪರೀಕ್ಷಿಸಿ ತೋರಿಸಬೇಕಲ್ಲ?

ಅವರ ಜೊತೆ ಮೂವರು ಸೇರಿದರು. ಪುಣೆ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಸುಧಾಕರ ಕುಂಟೆ, ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಡಾ. ನರೇಂದ್ರ ದಾಭೋಲ್ಕರ್, ಮತ್ತು ಜಾತಕ ಬರೆಯುವ ವಿದ್ಯೆಯನ್ನು ಒಳಗಿನಿಂದ ಬಲ್ಲ ಪ್ರಕಾಶ ಘಾಟಪಾಂಡೆ.

ಪರೀಕ್ಷೆ ಹೀಗಿತ್ತು. ಜಾತಕ ನೋಡಿ ಬುದ್ಧಿವಂತಿಕೆಯನ್ನು ಹೇಳಬಹುದು ಎಂದು ಜ್ಯೋತಿಷಿಗಳು ಹೇಳುತ್ತಾರೆ. ಆದ್ದರಿಂದ ಶಾಲೆಯಲ್ಲಿ ಬಹಳ ಜಾಣರೆನಿಸಿಕೊಂಡ 100 ಮಕ್ಕಳು, ಬೌದ್ಧಿಕ ಬೆಳವಣಿಗೆಯಲ್ಲಿ ಹಿಂದುಳಿದು ವಿಶೇಷ ಶಾಲೆಗಳಲ್ಲಿದ್ದ 100 ಮಕ್ಕಳು, ಹೀಗೆ 200 ಮಕ್ಕಳ ಜನನ ವಿವರಗಳನ್ನು ಅವರವರ ತಂದೆತಾಯಿಯರಿಂದ ಪಡೆದು ಕುಂಡಲಿಗಳನ್ನು ಬರೆಯಿಸಲಾಯಿತು. ಪ್ರತಿಯೊಂದು ಕುಂಡಲಿಗೂ ಒಂದು ಗುಪ್ತ ಸಂಖ್ಯೆ. ಯಾವ ಸಂಖ್ಯೆ ಯಾವ ಮಗುವಿನದೆಂಬ ವಿವರ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಭದ್ರವಾಗಿತ್ತು. ಉತ್ತರ ಬರೆಯುವ ಜ್ಯೋತಿಷಿಗೂ ಅದು ತಿಳಿಯದು, ಪರೀಕ್ಷೆ ನಡೆಸುವವರಿಗೂ ತಿಳಿಯದು. ಇದು ಮುಖ್ಯ. ಕೇಳುವವರ ಮುಖ ನೋಡಿ ಉತ್ತರ ಊಹಿಸುವ ದಾರಿ ಇದರಿಂದ ಮುಚ್ಚಿಹೋಗುತ್ತದೆ.

ಒಪ್ಪಿದ ಪ್ರತಿ ಜ್ಯೋತಿಷಿಗೂ 40 ಕುಂಡಲಿ ಕೊಟ್ಟು, ‘ಈ ಮಗು ಜಾಣವೋ, ಹಿಂದುಳಿದದ್ದೋ’ ಎಂದಷ್ಟೇ ಹೇಳಿರಿ ಎಂದು ಕೇಳಲಾಯಿತು. ನಾಣ್ಯ ಹಾರಿಸಿ ಹೇಳಿದರೂ 40ರಲ್ಲಿ ಸುಮಾರು 20 ಸರಿಯಾಗುತ್ತವೆ. 28 ಸರಿಯಾದರೆ ತೇರ್ಗಡೆ ಎಂದು ಮೊದಲೇ ಗೊತ್ತುಮಾಡಿದ್ದರು. ಬರಿಯ ಅದೃಷ್ಟದಿಂದ 28 ಮುಟ್ಟುವುದು ನೂರು ಜನರಲ್ಲಿ ಒಬ್ಬರಿಗೂ ಕಷ್ಟ. ಒಂದು ಜ್ಯೋತಿಷ್ಯ ಸಂಘಟನೆಯ ಅಧ್ಯಕ್ಷರು ಪರೀಕ್ಷೆಯನ್ನು ಬಹಿಷ್ಕರಿಸಬೇಕೆಂದು ಕರೆ ಕೊಟ್ಟರು. ಹಾಗಿದ್ದೂ 51 ಜ್ಯೋತಿಷಿಗಳು ಕುಂಡಲಿಗಳನ್ನು ತರಿಸಿಕೊಂಡರು, 27 ಮಂದಿ ಉತ್ತರ ಕಳಿಸಿದರು. ತಮ್ಮ ವಿದ್ಯೆಯನ್ನು ಒರೆಗೆ ಹಚ್ಚಲು ಮುಂದೆ ಬಂದ ಆ 27 ಜನರ ಧೈರ್ಯವನ್ನು ಮೆಚ್ಚಲೇಬೇಕು.

ಫಲಿತಾಂಶ? ಯಾರೂ 28 ಮುಟ್ಟಲಿಲ್ಲ. ಎಲ್ಲರಿಗಿಂತ ಹೆಚ್ಚು ಅಂಕ ಪಡೆದವರದು 24. ಒಟ್ಟು ಸರಾಸರಿ ಅರ್ಧಕ್ಕಿಂತಲೂ ಕಡಿಮೆ. ಒಂದು ಜ್ಯೋತಿಷ್ಯ ಸಂಸ್ಥೆ 200 ಕುಂಡಲಿಗಳನ್ನೂ ನೋಡಿ ಉತ್ತರಿಸಿತು. ಅದರಲ್ಲಿ ಸರಿಯಾದದ್ದು 102. ‘24 ಬಂದವರಲ್ಲಿ ಏನೋ ಶಕ್ತಿ ಇರಬಹುದಲ್ಲ’ ಎಂದು ಕೇಳಬಹುದು. ನಮ್ಮ ಮಹಿಳಾ ವೇದಿಕೆಯ 27 ಸದಸ್ಯೆಯರು ಕೂತು ಒಬ್ಬೊಬ್ಬರೂ 40 ಸಲ ನಾಣ್ಯ ಹಾರಿಸಿದರೆ ಮೂರ್ನಾಲ್ಕು ಜನಕ್ಕೆ 24 ಅಥವಾ ಅದಕ್ಕಿಂತ ಹೆಚ್ಚು ಸರಿ ಬರುವುದು ಸಹಜ. ಬೇಕಿದ್ದರೆ ಮುಂದಿನ ಸಭೆಯಲ್ಲಿ ಮಾಡಿ ನೋಡಬಹುದು! ಈ ವರದಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯ 2009ರ ಮಾರ್ಚ್ 10ರ ಸಂಚಿಕೆಯಲ್ಲಿ ಪ್ರಕಟವಾಯಿತು.

ಮಾರ್ಚ್ 10 ಎಂದಾಗ ಪುಣೆಯವರಿಗೆ ಇನ್ನೊಂದು ನೆನಪು ಬರಬೇಕು. 1897ರ ಮಾರ್ಚ್ 10ರಂದೇ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ ತಾವೂ ಆ ರೋಗಕ್ಕೆ ತುತ್ತಾಗಿ ಸಾವಿತ್ರಿಬಾಯಿ ಫುಲೆ ತೀರಿಕೊಂಡರು. ಹುಡುಗಿಯರಿಗೆ ಅಕ್ಷರ ಕಲಿಸಿದ ತಾಯಿಯ ದಿನವೇ ಈ ವರದಿ ಬಂದದ್ದರಲ್ಲಿ ಏನೋ ಅರ್ಥವಿದೆ ಎಂದು ಮನಸ್ಸು ಹೇಳುತ್ತದೆ. ಹೇಳಲಿ, ಅದು ಮನಸ್ಸಿನ ಸ್ವಭಾವ. ಆದರೆ ಆ ಪತ್ರಿಕೆ ತಿಂಗಳಿಗೆ ಎರಡು ಸಲ, 10ಕ್ಕೂ 25ಕ್ಕೂ ಬರುತ್ತದೆ, ಅಷ್ಟೇ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಮ್ಮ ಹಿರಿಯರು ಇಂಥದ್ದಕ್ಕೇ ಹೇಳಿದ್ದು. ನಮ್ಮ ಅನುಭವಗಳಲ್ಲಿ ಎಷ್ಟೋ ಹೀಗೆಯೇ ಹುಟ್ಟಿದವು. ಕೂಡಿಬಂದದ್ದು ನೆನಪಿನಲ್ಲಿ ನಿಲ್ಲುತ್ತದೆ, ಕೂಡಿಬಾರದ ನೂರು ಸಂಗತಿಗಳು ಮರೆತುಹೋಗುತ್ತವೆ.

‘ಆದರೆ ನಮ್ಮ ಜೋಯಿಸರು ನನ್ನ ಬಗ್ಗೆ ಹೇಳಿದ್ದೆಲ್ಲ ನಿಜವಾಯಿತಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಾಂ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಆಮೇಲೆ ಒಬ್ಬೊಬ್ಬರಿಗೂ ‘ಇದು ನಿಮ್ಮ ಸ್ವಭಾವ ವರ್ಣನೆ’ ಎಂದು ಒಂದು ಹಾಳೆ ಹಂಚಿದರು. ಎಷ್ಟು ಸರಿಯಾಗಿದೆ ಎಂದು 5ಕ್ಕೆ ಅಂಕ ಕೊಡಿ ಎಂದರೆ ಸರಾಸರಿ 4.26 ಬಂತು! ನಿಜವೆಂದರೆ ಎಲ್ಲರ ಕೈಯಲ್ಲಿದ್ದದ್ದೂ ಒಂದೇ ವರ್ಣನೆ, ಅದರ ಬಹುಪಾಲು ಮಾತುಗಳನ್ನು ಅವರು ತೆಗೆದುಕೊಂಡದ್ದು ಅಂಗಡಿಯಲ್ಲಿ ಸಿಗುವ ಒಂದು ಜ್ಯೋತಿಷ್ಯ ಪುಸ್ತಕದಿಂದ. ‘ಇದು ನನ್ನದೇ’ ಎಂದು ವಿದ್ಯಾರ್ಥಿಗಳಿಗೆ ಅನಿಸಿದ್ದು ನಿಜ. ಆದರೆ ಅನಿಸಿಕೆ ನಿಜವಾದ ಮಾತ್ರಕ್ಕೆ ಹಾಳೆಯಲ್ಲಿ ಬರೆದದ್ದು ಅವರೊಬ್ಬರಿಗಾಗಿಯೇ ಬರೆದದ್ದು ಎಂದಾಗಲಿಲ್ಲ.

ಪುಣೆಯ ಪರೀಕ್ಷೆಗೆ ಬಂದ ಆಕ್ಷೇಪಗಳನ್ನೂ ನ್ಯಾಯವಾಗಿ ನೋಡೋಣ. ಹುಟ್ಟಿದ ಸಮಯ ತಪ್ಪಿರಬಹುದು ಎನ್ನುತ್ತಾರೆ. ಇರಬಹುದು. ಆದರೆ ಮದುವೆಗೆ ಜಾತಕ ಕೂಡಿಸುವಾಗಲೂ ತಂದೆತಾಯಿ ಹೇಳಿದ ಸಮಯವೇ ಆಧಾರ. ಆ ಅನುಮಾನ ಪರೀಕ್ಷೆಯನ್ನು ಕೆಡಿಸುವುದಾದರೆ ಹೆಣ್ಣನ್ನು ಬೇಡ ಎನ್ನುವ ತೀರ್ಮಾನವನ್ನೂ ಕೆಡಿಸಬೇಕು. ಇನ್ನೊಂದು, ಈ ಪರೀಕ್ಷೆ ನೋಡಿದ್ದು ಬುದ್ಧಿವಂತಿಕೆಯನ್ನು ಮಾತ್ರ, ಮದುವೆಯನ್ನಲ್ಲ. ಇದು ಸರಿಯಾದ ಮಾತು. ಮದುವೆಯ ಬಗ್ಗೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಡೇವಿಡ್ ವೋಸ್ 2001ರ ಜನಗಣತಿಯಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಒಂದು ಕೋಟಿಯಷ್ಟು ದಂಪತಿಗಳ ಹುಟ್ಟಿದ ದಿನಗಳನ್ನು ಹೋಲಿಸಿದ್ದಾರೆ. ‘ಕೂಡುವ’ ರಾಶಿಗಳವರು ಹೆಚ್ಚಾಗಿ ಜೊತೆಯಾಗಿದ್ದಾರೆ ಎಂಬುದಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ಅದು ಪಶ್ಚಿಮದ ಸೂರ್ಯರಾಶಿ, ನಮ್ಮ ನಕ್ಷತ್ರವಲ್ಲ ಎಂಬುದನ್ನೂ ಹೇಳಬೇಕು. ಆದರೆ ಒಬ್ಬ ಹುಡುಗಿಯ ಕಾಲ್ಗುಣದಿಂದ ಮಾವ ಸಾಯುತ್ತಾನೆ ಎಂದು ಹೇಳುವವರ ಮೇಲೇ ಸಾಕ್ಷ್ಯ ಒದಗಿಸುವ ಹೊಣೆ ಇರಬೇಕು. ‘ಹಾಗಲ್ಲ’ ಎಂದು ಸಾಬೀತು ಮಾಡುವ ಹೊಣೆ ಆ ಹುಡುಗಿಯದಲ್ಲ.

ನಾರಳೀಕರರಿಗೂ ತಮ್ಮದೇ ಒಂದು ಗಟ್ಟಿ ನಂಬಿಕೆ ಇತ್ತು ಎಂಬುದು ನೆನಪಿಡಬೇಕಾದ ಸಂಗತಿ. ವಿಶ್ವ ಒಂದು ಮಹಾಸ್ಫೋಟದಿಂದ ಹುಟ್ಟಿತು ಎಂಬುದನ್ನು ಅವರು ಒಪ್ಪುತ್ತಿರಲಿಲ್ಲ. 1965ರಲ್ಲಿ ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ ಸೂಕ್ಷ್ಮತರಂಗಗಳು ಪತ್ತೆಯಾದ ಮೇಲೆ ಬಹುತೇಕ ವಿಜ್ಞಾನಿಗಳು ಮಹಾಸ್ಫೋಟದ ಕಡೆಗೆ ವಾಲಿದರು. ನಾರಳೀಕರರು ಮಾತ್ರ ಹಾಯ್ಲ್ ಮತ್ತು ಬರ್ಬಿಜ್ ಅವರೊಂದಿಗೆ 1993ರಲ್ಲಿ ಬೇರೆಯದೇ ಸಿದ್ಧಾಂತ ಮಂಡಿಸಿದರು. ಅಲ್ಪಮತದಲ್ಲಿದ್ದೂ ಅವರು ‘ಇದು ನನ್ನ ಅನುಭವ, ಪ್ರಶ್ನಿಸಬೇಡಿ’ ಎನ್ನಲಿಲ್ಲ. ಲೆಕ್ಕಗಳನ್ನು ಬರೆದು ವಿರೋಧಿಗಳ ಮುಂದಿಟ್ಟರು. ನಂಬಿಕೆ ಇರುವುದು ತಪ್ಪಲ್ಲ, ಅದನ್ನು ಪರೀಕ್ಷೆಯಿಂದ ಬಚ್ಚಿಡುವುದು ತಪ್ಪು ಎಂಬುದಕ್ಕೆ ಅವರ ಬದುಕೇ ಉದಾಹರಣೆ. 2025ರ ಮೇ 20ರಂದು ಅವರು ಪುಣೆಯಲ್ಲಿ ನಿಧನರಾದರು.

ಕನ್ನಡ ನಾಡಿಗೂ ಈ ದಾರಿ ಹೊಸದಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಒಂದು ಸಮಿತಿಯನ್ನೇ ರಚಿಸಿದರು. ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ಕೋಣೆಯಲ್ಲಿ ಸರಳವಾಗಿ ಬದುಕಿದ ಆ ಗಾಂಧಿವಾದಿ ಎಷ್ಟು ಟೀಕೆ ಬಂದರೂ ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ.

ಪ್ರಶ್ನೆ ಕೇಳಿದವರು ತೆತ್ತ ಬೆಲೆಯನ್ನು ಈ ನಗರ ಕಣ್ಣಾರೆ ಕಂಡಿದೆ. ಪರೀಕ್ಷೆಯ ನಾಲ್ವರಲ್ಲಿ ಒಬ್ಬರಾದ ಡಾ. ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರ ಬೆಳಿಗ್ಗೆ, ಓಂಕಾರೇಶ್ವರ ದೇವಸ್ಥಾನದ ಬಳಿಯ ಸೇತುವೆಯ ಮೇಲೆ ನಡೆದುಹೋಗುತ್ತಿದ್ದಾಗ ಗುಂಡಿಟ್ಟು ಕೊಂದರು. ಅವರು ವರ್ಷಗಟ್ಟಲೆ ಬೇಡಿದ್ದ ಕಾನೂನು ಮಹಾರಾಷ್ಟ್ರದಲ್ಲಿ ಅದೇ ವರ್ಷ ಡಿಸೆಂಬರಿನಲ್ಲಿ ಬಂತು. ಮಾಟಮಂತ್ರದ ಹೆಸರಿನಲ್ಲಿ ನಡೆಯುವ ಅಮಾನುಷ ಕೃತ್ಯಗಳ ವಿರುದ್ಧ ಕರ್ನಾಟಕವೂ 2017ರಲ್ಲಿ ಕಾಯ್ದೆ ಮಾಡಿತು, 2020ರಲ್ಲಿ ಅದು ಜಾರಿಗೆ ಬಂತು. 2024ರ ಮೇ ತಿಂಗಳಲ್ಲಿ ಪುಣೆಯ ನ್ಯಾಯಾಲಯ ದಾಭೋಲ್ಕರ್ ಪ್ರಕರಣದಲ್ಲಿ ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿ, ಮೂವರನ್ನು ಬಿಡುಗಡೆ ಮಾಡಿತು.

ಇದನ್ನೆಲ್ಲ ಓದಿ ಯಾರೂ ದೇವರ ದೀಪ ಆರಿಸಬೇಕಿಲ್ಲ. ಜ್ಯೇಷ್ಠ ಮಾಸದಲ್ಲಿ ಆಳಂದಿ, ದೇಹುಗಳಿಂದ ಹೊರಟ ಪಾಲಖಿಗಳು ಪುಣೆಗೆ ಬಂದಾಗ ಮಳೆಯಲ್ಲಿ ತೊಯ್ಯುತ್ತಾ, ತಲೆಯ ಮೇಲೆ ತುಳಸಿ ಹೊತ್ತು ನಡೆಯುವ ಹೆಂಗಸನ್ನು ನಿಲ್ಲಿಸಿ ‘ವಿಠ್ಠಲನಿದ್ದಾನೆ ಎಂಬುದಕ್ಕೆ ಸಾಕ್ಷಿ ಏನಮ್ಮ’ ಎಂದು ಯಾರೂ ಕೇಳಬೇಕಿಲ್ಲ. ಅವಳಿಗೆ ಸಿಗುವ ಸಮಾಧಾನ ಅವಳದು. ಅದರ ಭಾರವನ್ನು ಹೊರುವವಳೂ ಅವಳೇ. ನನ್ನ ನಂಬಿಕೆಯ ಭಾರವನ್ನು ಇನ್ನೊಬ್ಬರು ಹೊರಬೇಕಾಗಿ ಬಂದಾಗ ಮಾತ್ರ ಸಾಕ್ಷ್ಯದ ಪ್ರಶ್ನೆ ಏಳುತ್ತದೆ. ಉಪವಾಸ ನನ್ನದು, ಹರಕೆ ನನ್ನದು. ಆದರೆ ‘ಈ ಹುಡುಗಿ ಬೇಡ’ ಎಂಬ ಮಾತಿನ ನೋವು ಇನ್ನೊಬ್ಬರ ಮನೆಯ ಮಗಳದು.

ಈ ಕೆಲಸದಲ್ಲಿ ನಮ್ಮ ಪಾತ್ರ ದೊಡ್ಡದು. ಜಾತಕ ತರಿಸುವುದು, ಕೂಡಿಸುವುದು, ಬೇಡವೆನ್ನುವ ಮಾತನ್ನು ನಯವಾಗಿ ತಲುಪಿಸುವುದು, ಎಷ್ಟೋ ಮನೆಗಳಲ್ಲಿ ಹೆಂಗಸರ ಕೈಯಲ್ಲೇ ಇದೆ. ಆ ಕೈಯಲ್ಲೇ ಇನ್ನೊಂದು ಅಧಿಕಾರವೂ ಇದೆ. ಮುಂದಿನ ಸಲ ಯಾರಾದರೂ ‘ಹುಡುಗಿ ಚೆನ್ನಾಗಿದ್ದಾಳೆ, ಆದರೆ ಮೂಲಾ ನಕ್ಷತ್ರ’ ಎಂದಾಗ, ‘ಆದರೆ’ ಎಂಬುದಕ್ಕೆ ಆಧಾರವೇನು ಎಂದು ಮೆಲ್ಲಗೆ ಕೇಳಬಹುದು. ಹುಡುಗ ಹುಡುಗಿ ಇಬ್ಬರನ್ನೂ ಕೂರಿಸಿ ಓದು, ಕೆಲಸ, ಆರೋಗ್ಯ, ಸ್ವಭಾವದ ಮಾತಾಡಿಸಬಹುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಹಿರಿಯರ ಭಾಷೆ ನಮ್ಮದು. ಕಣ್ಣಿಗೆ ಕಂಡದ್ದಕ್ಕೇ ಪ್ರಮಾಣ ಕೇಳಿದವರ ಮೊಮ್ಮಕ್ಕಳು ನಾವು, ಕಾಣದ ದೋಷಕ್ಕೆ ಪ್ರಮಾಣ ಕೇಳಲು ಹಿಂಜರಿಯುವುದೇಕೆ?