ಸಂಶ್ಲೇಷಿತ ಎಂಜಿನ್ ಆಯಿಲ್ ಮತ್ತು ಫಿಲ್ಟರ್‌ಗಳ ಆಯ್ಕೆ

ರಾಸಾಯನಿಕ ಕ್ರಿಯೆಯಿಂದ ಅಣುರಚನೆಯನ್ನು ಏಕರೂಪಗೊಳಿಸಿದ ಮೂಲತೈಲಕ್ಕೆ ಸವಕಳಿ ತಡೆಯುವ ಹಾಗೂ ಮಸಿ ಚದುರಿಸುವ ದ್ರವ್ಯಗಳನ್ನು ಬೆರೆಸಿ ತಯಾರಿಸುವ ಸಂಶ್ಲೇಷಿತ ಆಯಿಲ್, ಖನಿಜ ತೈಲಕ್ಕಿಂತ ನಿಧಾನವಾಗಿ ಶಾಖಕ್ಕೆ ಕೆಡುತ್ತದೆ. ಡಬ್ಬಿಯ ಮೇಲಿನ ‘5ಡಬ್ಲ್ಯು-30’ ಎಂಬ ಗುರುತಿನ ಮೊದಲ ಭಾಗವು ಚಳಿಯಲ್ಲಿ ಆಯಿಲ್ ಹರಿಯುವ ಗುಣವನ್ನೂ, ಕೊನೆಯ ಸಂಖ್ಯೆಯು ಬಿಸಿ ಎಂಜಿನ್‌ನಲ್ಲಿನ ಸ್ನಿಗ್ಧತೆಯನ್ನೂ, ಅಂದರೆ ದಪ್ಪವನ್ನೂ, ಸೂಚಿಸುತ್ತವೆ. ಹುಬ್ಬಳ್ಳಿ–ಗದಗ ಹೆದ್ದಾರಿಯ ಅಣ್ಣಿಗೇರಿ ಊರಿನ ಚಳಿಗಾಲ ಸೌಮ್ಯವಾದುದರಿಂದ ಮೊದಲ ಭಾಗದ ಲಾಭ ಇಲ್ಲಿ ಅಲ್ಪವಾದರೂ, ಕಾರಿನ ಕೈಪಿಡಿ ಹೇಳಿದ ದರ್ಜೆಯನ್ನು ಬಿಟ್ಟು ಬಿಸಿಲಿಗೆಂದು ದಪ್ಪ ಆಯಿಲ್ ಹಾಕಿಸುವುದು ಸಲ್ಲದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಗಳಲ್ಲಿ, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಶೋಧಕವು ಕಟ್ಟಿಕೊಳ್ಳದಂತೆ ಕಡಿಮೆ ಬೂದಿಯ ಆಯಿಲ್ ಬೇಕಾಗುತ್ತದೆ.

ಅಣ್ಣಿಗೇರಿಯ ಸುತ್ತ ಹರಡಿರುವ ಎರೆಭೂಮಿಯಲ್ಲಿ, ಕಡಲೆ, ಜೋಳದ ಸುಗ್ಗಿಯ ಕಾಲಕ್ಕೆ ಹೊಲದ ದಾರಿಗಳಿಂದ ಏಳುವ ನುಣ್ಣನೆಯ ಧೂಳೇ ಎಂಜಿನ್ನಿನ ಮುಖ್ಯ ಶತ್ರು. ಅಗ್ಗದ ಏರ್ ಫಿಲ್ಟರ್‌ನ ಅಂಚಿನಿಂದ ನುಸುಳಿದ ಧೂಳು ಸಿಲಿಂಡರ್ ಗೋಡೆಯನ್ನು ಗೀರಿ ಆಯಿಲ್‌ಗೆ ಸೇರುವುದರಿಂದ, ಎಷ್ಟು ದುಬಾರಿ ಆಯಿಲ್ ಹಾಕಿದರೂ ಆ ನಷ್ಟ ತುಂಬದು. ಏರ್ ಫಿಲ್ಟರನ್ನು ಜೋರು ಗಾಳಿ ಹೊಡೆಸಿ ಸ್ವಚ್ಛ ಮಾಡಿದರೆ ಅದರ ಕಾಗದ ಹರಿಯುವ ಭಯವೂ ಉಂಟು. ಆಯಿಲ್ ಫಿಲ್ಟರ್ ಕಟ್ಟಿಕೊಂಡಾಗ ಅದರೊಳಗಿನ ಬೈಪಾಸ್ ಕವಾಟ ತೆರೆದು ಸೋಸದ ಆಯಿಲ್ ಬೇರಿಂಗ್‌ಗಳಿಗೆ ಹರಿಯುವುದರಿಂದ, ಪ್ರತಿ ಆಯಿಲ್ ಬದಲಾವಣೆಯಲ್ಲೂ ಅದನ್ನು ಬದಲಿಸುವುದು ಲೇಸು. ಧೂಳಿನ ದಾರಿಗಳಲ್ಲಿನ ಬಳಕೆಗೆ ಕೈಪಿಡಿಗಳು ಪ್ರತ್ಯೇಕವಾಗಿ ವಿಧಿಸುವ ಕಡಿಮೆ ಬದಲಾವಣೆ ಅವಧಿಯೇ ಇಲ್ಲಿನ ಕಾರುಗಳಿಗೆ ಅನ್ವಯಿಸುತ್ತದೆ.